ಅಕ್ಕಡಿ ಇಲ್ಲದ ವರ್ಷ

೧೯೪೮, ಜೂನ್ ೩

ಕಾಲು ಮುರಿದುಕೊಂಡು ಹತ್ತು ದಿನವಾಯಿತು. ಬಾವಿಯಿಂದ ನೀರೆತ್ತಲು ಕಪಿಲೆ ಹೊಡೆಯುವಾಗ ಮಿಣಿ ಹಗ್ಗ ಹರಿದು, ಎತ್ತುಗಳು ಮುಗ್ಗರಿಸಿ, ನಾನು ಅವುಗಳ ಕೆಳಗೆ ಸಿಕ್ಕಿಕೊಂಡೆ. ಎತ್ತುಗಳಿಗೆ ಏನೂ ಆಗಲಿಲ್ಲ. ನೋಡಲು ಬಂದವರೆಲ್ಲ ಮೊದಲು ಕೊಟ್ಟಿಗೆಗೆ ಹೋಗಿ ಎತ್ತಿನ ಕಾಲು ಸವರಿ, ಆಮೇಲೆ ಜಗಲಿಗೆ ಬಂದು ನನ್ನ ಕಾಲು ನೋಡುತ್ತಾರೆ. ಮೂಳೆ ಕಟ್ಟುವವನು ಬಿದಿರಿನ ದಬ್ಬೆ ಬಿಗಿದು, ದೀಪಾವಳಿಯವರೆಗೆ ಹೊಲದ ಕಡೆ ತಲೆ ಹಾಕಬೇಡ ಎಂದು ಹೇಳಿ ಹೋಗಿದ್ದಾನೆ.

ದೊಡ್ಡಬಳ್ಳಾಪುರದಲ್ಲಿ ಎಲ್.ಎಸ್. ಪರೀಕ್ಷೆ ಪಾಸು ಮಾಡಿದ ಮೇಲೆ ನಾನು ಪೆನ್ನು ಹಿಡಿದದ್ದು ಕಡಿಮೆ. ಈಗ ಬೇರೆ ಕೆಲಸವಿಲ್ಲ, ಬರೆಯುತ್ತೇನೆ.

ನನ್ನ ತಲೆಯಲ್ಲಿರುವುದು ಒಂದೇ ವಿಷಯ. ನಮಗಿರುವುದು ಎರಡು ಜಮೀನು. ಊರ ಹಿಂದೆ ಬಾವಿ ನೀರಿನ ತೋಟ, ಅಲ್ಲಿ ಆಲೂಗಡ್ಡೆ. ಸಾಸಲಿನ ದಾರಿಯ ದಿಬ್ಬದ ಮೇಲೆ ಮಳೆ ನಂಬಿದ ಮೇಗಲ ಹೊಲ, ಅಲ್ಲಿ ರಾಗಿ, ಹುರುಳಿ. ಅಕ್ಷಯ ತದಿಗೆಯ ದಿನ ಮೇಗಲ ಹೊಲವನ್ನು ಪಕ್ಕದ ಹೊಲದ ಅಪ್ಪಯ್ಯಣ್ಣ ಚಿಕ್ಕಪ್ಪನಿಗೆ ಕೊಡುವುದಾಗಿ ವೀಳ್ಯ ಬದಲಾಯಿಸಿದ್ದೇನೆ. ಈ ವರ್ಷದ ಬೆಳೆ ನಮ್ಮದು, ಸಂಕ್ರಾಂತಿಗೆ ಪತ್ರ. ಬಂದ ದುಡ್ಡಿಗೆ ತೋಟದ ಬಾವಿಗೆ ಆಯಿಲ್ ಎಂಜಿನ್. ಕಪಿಲೆಯೂ ಬೇಡ, ಮಿಣಿಯೂ ಬೇಡ. ಎಂಜಿನ್ ಯಾರ ಕಾಲನ್ನೂ ಮುರಿಯುವುದಿಲ್ಲ.

ಜೂನ್ ೧೧

ಎರಡು ಜಮೀನಿನ ಲೆಕ್ಕವನ್ನು ಬೇರೆ ಬೇರೆ ಮಾಡಿದೆ. ಹೋದ ವರ್ಷದ್ದು ಚೆನ್ನಾಗಿ ನೆನಪಿದೆ. ನನ್ನ ಆಲೂಗಡ್ಡೆ ಎಲ್ಲ ಖರ್ಚು ಕಳೆದು ಒಳ್ಳೆಯ ಲಾಭ ಕೊಟ್ಟಿದೆ.

ಮೇಗಲ ಹೊಲದ ಹಣೆಬರಹ ಹೀಗಿದೆ. ಅರ್ಧದಲ್ಲಿ ರಾಗಿ, ಅರ್ಧದಲ್ಲಿ ಹುರುಳಿ. ಮಾರನೆಯ ವರ್ಷ ಅದಲುಬದಲು. ಅಪ್ಪನ ಕಾಲದಿಂದ ಹೀಗೇ. ರಾಗಿ ಕಣಕ್ಕೆ ಬಂದದ್ದು ಇಷ್ಟು, ಉಳುಮೆ ಕೂಲಿ ಇಷ್ಟು. ಕಳೆದರೆ ಉಳಿಯುವುದು ಅಂಗೈ ಅಗಲ. ಹುರುಳಿ ಒಂದು ಸೇರೂ ಮಾರಿಲ್ಲ, ಆದ್ದರಿಂದ ಸೊನ್ನೆ. ಕುಯ್ಲು ಮುಗಿದ ಮೇಲೆ ಗೊಬ್ಬರಕ್ಕೆಂದು ಕುರಿ ಮಂದೆ ಕೂರಿಸಿದ್ದಕ್ಕೆ ಕುರಿಗಾಹಿ ಚಿಕ್ಕಬೀರಪ್ಪನಿಗೆ ಕೊಟ್ಟ ರಾಗಿಯನ್ನೂ ಹಿಡಿದರೆ ಹೊಲ ನಷ್ಟದಲ್ಲಿದೆ. ಇಪ್ಪತ್ತು ವರ್ಷ ನಾವು ಈ ಹೊಲವನ್ನು ಕೂರಿಸಿ ಸಾಕಿದ್ದೇವೆ.

ಅಕ್ಕಡಿಯನ್ನು ಹಿಡಿದಿಲ್ಲ. ರಾಗಿಯ ನಡುನಡುವೆ ಅವರೆ, ಹುಚ್ಚೆಳ್ಳು, ತೊಗರಿ ಬಿಡುವ ಆ ಸಾಲುಗಳು ಹೆಂಗಸರವು. ಬಿತ್ತುವವರು ಅವರು, ಕೀಳುವವರು ಅವರು. ಅದು ಕಣಕ್ಕೆ ಬರುವುದಿಲ್ಲ, ಮಡಿಲಿನಲ್ಲಿ ಬಂದು ಅಟ್ಟ ಸೇರುತ್ತದೆ. ಎಷ್ಟು ಬಂತು ಎಂದು ಯಾವ ಗಂಡಸೂ ಕೇಳುವುದಿಲ್ಲ. ಕೇಳಿದವನಿಗೆ ಮನೆಯಲ್ಲಿ ಮರ್ಯಾದೆ ಉಳಿಯುವುದಿಲ್ಲ.

ಇವಳಿಗೆ, ಎಂದರೆ ಹೆಂಡತಿಗೆ, ಲೆಕ್ಕ ಓದಿ ಹೇಳಿದೆ. ಪಾತ್ರೆ ತೊಳೆಯುತ್ತಾ ಕೇಳಿ, ಹಂಗಾ ಎಂದಳು. ಅಷ್ಟೇ. ಓದು ಬಾರದವರ ಹತ್ತಿರ ಲೆಕ್ಕದ ಮಾತು ಆಡುವುದೇ ತಪ್ಪು.

ಕೊನೆಯ ವರ್ಷವಾದ್ದರಿಂದ ಹುರುಳಿ ಬೇಡ, ಇಡೀ ಹೊಲಕ್ಕೆ ರಾಗಿಯನ್ನೇ ಬಿತ್ತು ಎಂದು ಆಳು ಬೈರಪ್ಪನಿಗೆ ಹೇಳಿದ್ದೇನೆ. ರಾಶಿ ದೊಡ್ಡದಾದರೆ ಅಪ್ಪಯ್ಯಣ್ಣ ಚಿಕ್ಕಪ್ಪನಿಗೂ ಖುಷಿ.

ಜುಲೈ ೨೨

ಬಿತ್ತನೆ. ಕೂರಿಗೆ ಹೊತ್ತು ಬೈರಪ್ಪ ಮುಂದೆ, ರಾಗಿ ಬೀಜ ಹೊತ್ತು ಇವಳು ಹಿಂದೆ. ಅವ್ವ ಮನೆಯಲ್ಲೇ ಉಳಿದಳು. ಆಶ್ಚರ್ಯವಾಯಿತು. ಬಿತ್ತನೆಯ ದಿನ ಅವ್ವ ಅಕ್ಕಡಿ ಬೀಜವನ್ನು ಮಡಿಲಿಗೆ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಹೊರಡುವವಳು.

ಸ್ವಲ್ಪ ಹೊತ್ತಿಗೆ ಮೊರದಲ್ಲಿ ಬೀಜ ತುಂಬಿಕೊಂಡು, ಸೆರಗು ಮುಚ್ಚಿ ಬೀದಿಗಿಳಿದಳು. ಎಲ್ಲಿಗೆ ಎಂದು ಕೇಳಿದೆ. ಅಪ್ಪಯ್ಯಣ್ಣನ ಮನೆಗಂತೆ.

"ಮಾರೋ ಹೊಲಕ್ಕೆ ಅಕ್ಕಡಿ ಯಾಕಪ್ಪ. ಬೀಜ ಹೊಲದ ಜೊತೇಲಿ ಹೋಗ್ಬೇಕು. ಇನ್ಮೇಲೆ ಅದು ಪಿಳ್ಳಮ್ಮನ ಹೊಲ. ಅವಳ ಹೊಲದಲ್ಲಿ ಬಿತ್ಕೊಂಡು ಬೀಜ ಉಳಿಸ್ಕೊಳ್ಲಿ."

ಪಿಳ್ಳಮ್ಮ ಎಂದರೆ ಅಪ್ಪಯ್ಯಣ್ಣನ ಹೆಂಡತಿ. ಕೋಪದಲ್ಲೇನೂ ಅವ್ವ ಹೇಳಲಿಲ್ಲ. ನನಗೂ ಒಳ್ಳೆಯದೇ ಆಯಿತು, ಆ ಸಾಲುಗಳ ಜಾಗವೂ ರಾಗಿಗೆ ಸಿಕ್ಕಿತು.

ಆಗಸ್ಟ್ ೯

ದಬ್ಬೆಯೊಳಗೆ ತುರಿಕೆ. ಹೊಂಗೆ ಕಡ್ಡಿ ತೂರಿಸಿ ಕೆರೆದುಕೊಂಡೆ. ಅವ್ವ ಬೈದಳು.

ಆಗಸ್ಟ್ ೧೪

ಹೊತ್ತು ಹೋಗಲು ಒಂದು ಆಟ ಹುಡುಕಿದ್ದೇನೆ. ಜಗಲಿಯಲ್ಲಿ ಒರಗಿಕೊಂಡರೆ ಬೀದಿ, ಮನೆಯ ಬಾಗಿಲು, ಕೊಟ್ಟಿಗೆಯ ಬಾಗಿಲು ಮೂರೂ ಕಾಣುತ್ತವೆ. ಯಾರಾದರೂ ಹೊರೆ ಹೊತ್ತು ಬರುತ್ತಿದ್ದರೆ, ಅದೇನು, ಎಲ್ಲಿಯದು, ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಊಹಿಸಬೇಕು. ಮೊದಮೊದಲು ಬರೀ ತಪ್ಪು. ಸೊಪ್ಪಿನ ಹೊರೆ ಅಡುಗೆಗೆ ಎಂದುಕೊಂಡರೆ ತಿಪ್ಪೆಗೆ ಹೋಗುತ್ತದೆ, ತಿಪ್ಪೆಯ ಗೊಬ್ಬರ ತುಂಬಿದ ಮಂಕರಿ ತೋಟಕ್ಕೆ ಹೋಗುತ್ತದೆ. ಸಂಜೆ ಕೊಟ್ಟಿಗೆಯ ಪಕ್ಕ ದೊಡ್ಡ ಮಡಕೆಯಲ್ಲಿ ಹುರುಳಿ ಬೇಯುತ್ತದೆ, ಎತ್ತಿಗೆ. ಅದು ಹೋದ ವರ್ಷದ ಹುರುಳಿ ಎಂದು ಇವಳು ಹೇಳಿದಳು.

ಇಷ್ಟು ವರ್ಷ ಹೊತ್ತು ಹುಟ್ಟುವ ಮುಂಚೆ ತೋಟಕ್ಕೆ ಹೋಗಿ ದೀಪ ಹಚ್ಚುವಾಗ ಬರುತ್ತಿದ್ದೆ. ಹಗಲಿನಲ್ಲಿ ನನ್ನ ಮನೆ ಹೇಗಿರುತ್ತದೆಂದು ನಾನು ನೋಡಿಯೇ ಇರಲಿಲ್ಲ.

ಸೆಪ್ಟೆಂಬರ್ ೧೦

ಆಲೂಗಡ್ಡೆ ಕಿತ್ತಾಯಿತು. ಇವಳೂ ಬೈರಪ್ಪನೂ ಗಾಡಿ ಹೇರಿ, ದೊಡ್ಡಬಳ್ಳಾಪುರದಿಂದ ಲಾರಿಗೆ ಹಾಕಿಸಿ, ಬೆಂಗಳೂರಿನ ಮಂಡಿಯಿಂದ ಒಳ್ಳೆಯ ಬೆಲೆ ತಂದರು. ಇವಳು ಮಂಡಿಯವನ ಹತ್ತಿರ ಜಗಳವಾಡಿ ತೂಕ ಸರಿ ಮಾಡಿಸಿದಳಂತೆ, ಬೈರಪ್ಪ ನಗುತ್ತಾ ಹೇಳಿದ. ನನಗೆ ಗೊತ್ತಿರಲಿಲ್ಲ, ಇವಳಿಗೆ ಹಾಗೆಲ್ಲ ಬಾಯಿದೆ ಎಂದು.

ಪ್ರತಿ ವರ್ಷ ಆಲೂಗಡ್ಡೆಯ ಹಿಂದೆ ತೋಟಕ್ಕೆ ನಾಟಿ ರಾಗಿ ಹಾಕುತ್ತಿದ್ದೆವು. ಈ ಸಲ ಮತ್ತೆ ಆಲೂಗಡ್ಡೆಯೇ. ಒಂದೇ ಮಡಿಗೆ ಮತ್ತೆ ಅದೇ ಗಡ್ಡೆಯಾ ಎಂದು ಬೈರಪ್ಪ ಎರಡು ಸಲ ಕೇಳಿದ. ಹೌದು ಎಂದೆ. ಲಾಭ ಕೊಡುವುದನ್ನು ಎರಡು ಸಲ ಹಾಕಿದರೆ ಎರಡು ಲಾಭ, ಇದಕ್ಕೆ ಎಲ್.ಎಸ್. ಕೂಡ ಬೇಡ.

ನವೆಂಬರ್ ೪

ದಬ್ಬೆ ಬಿಚ್ಚಿದರು. ಕಾಲು ಬೇರೆ ಯಾರದೋ ಎನ್ನುವ ಹಾಗೆ ಬತ್ತಿದೆ. ಕೋಲು ಹಿಡಿದು ಬಚ್ಚಲಿನವರೆಗೆ ನಡೆದೆ. ಇವಳು, ಲಕ್ಷ್ಮೀದೇವಮ್ಮ, ಹಿಂದೆಯೇ ಬಂದಳು, ಹಿಡಿದುಕೊಳ್ಳಲಿಲ್ಲ. ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿದ್ದಳು.

ನವೆಂಬರ್ ೨೯

ಮೇಗಲ ಹೊಲದ ರಾಗಿ ಕುಯ್ಲು. ಬೀದಿಯಲ್ಲಿ ಗಾಡಿ ಕಣಕ್ಕೆ ಹೋಗುವುದನ್ನು ದಿನವಿಡೀ ನೋಡಿದೆ. ಒಂದು ವಿಚಿತ್ರ ಕಂಡಿತು. ಬೆಳಿಗ್ಗೆ ಬಂದ ಸಿವುಡಿನ ತೆನೆಗಳು ಮುಷ್ಟಿ ಕಟ್ಟಿದ ಹಾಗೆ ದಪ್ಪವಾಗಿದ್ದವು. ಮಧ್ಯಾಹ್ನದ ಮೇಲೆ ಬಂದವು ಬಡಕಲು. ಬೀಜ ಒಂದೇ, ಮಳೆ ಒಂದೇ, ಕುಯ್ದವರೂ ಅವರೇ. ಬೈರಪ್ಪನನ್ನು ನಿಲ್ಲಿಸಿ ಕೇಳಿದೆ. ಬೆಳಿಗ್ಗೆಯವು ಮೂಡಲ ಅರ್ಧದವು, ಹೋದ ವರ್ಷ ಹುರುಳಿ ಇದ್ದ ಕಡೆ. ಆಮೇಲಿನವು ರಾಗಿಯ ಮೇಲೆ ರಾಗಿ ಹಾಕಿದ್ದ ಕಡೆಯವು.

ಹಾಗಾದರೆ ನಾನು ಸೊನ್ನೆ ಎಂದು ಬರೆದ ಹುರುಳಿ, ಒಂದು ವರ್ಷ ಕಳೆದ ಮೇಲೆ ಈ ತೆನೆಯಲ್ಲಿ ಬಂದು ಕೂತಿದೆಯೇ? ಇದನ್ನು ಯಾವ ವರ್ಷದ ಲೆಕ್ಕಕ್ಕೆ ಬರೆಯುವುದು? ಬಹಳ ಹೊತ್ತು ಯೋಚಿಸಿದೆ, ತಿಳಿಯಲಿಲ್ಲ. ಆದರೆ ಯೋಚಿಸಲು ಚೆನ್ನಾಗಿತ್ತು.

ಡಿಸೆಂಬರ್ ೮

ಒಕ್ಕಣೆ ಮುಗಿಯಿತು. ಇಂಥ ರಾಶಿಯನ್ನು ನಮ್ಮ ಕಣದಲ್ಲಿ ಯಾರೂ ನೋಡಿಲ್ಲ. ಅಪ್ಪಯ್ಯಣ್ಣ ಚಿಕ್ಕಪ್ಪ ಬಂದು ರಾಗಿಯಲ್ಲಿ ಕೈಯಾಡಿಸಿ, ಹೊಲ ಚೆನ್ನಾಗಿದೆ ಕಣಪ್ಪ ಎಂದ. ದುಡ್ಡು ಹೊಂದಿಸಿಟ್ಟಿದ್ದಾನಂತೆ. ನಾನು ಹಿಗ್ಗಬೇಕಿತ್ತು. ಬಡಕಲು ತೆನೆಯ ವಿಷಯ ಅವನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಾ ಕೂತೆ.

ಡಿಸೆಂಬರ್ ೧೬

ಊರಿಗೆ ಊರೇ ಅವರೆಕಾಯಿಯ ಸೊಗಡಿನಿಂದ ಘಮ್ಮೆನ್ನುತ್ತಿದೆ. ನಮ್ಮ ಮನೆಯಲ್ಲಿ ಸೊಪ್ಪಿನ ಸಾರು, ನೆನ್ನೆಯೂ ಅದೇ, ಮೊನ್ನೆಯೂ ಅದೇ. ಅವರೆ ಎಲ್ಲಿ ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ. ನಮಗೆ ಈ ವರ್ಷ ಅಕ್ಕಡಿಯೇ ಇಲ್ಲ.

ಸಂಜೆ ಪಿಳ್ಳಮ್ಮ ಒಂದು ಮೊರ ಕಾಯಿ ಕಳಿಸಿದಳು. ಅವ್ವ ಸುಲಿದು, ನೆನೆಸಿ, ಹಿದುಕಿ ಸಾರು ಮಾಡಿದಳು. ಎರಡು ಮುದ್ದೆ ಉಂಡೆ. ಅವ್ವ ಮಾತ್ರ ಮಜ್ಜಿಗೆಯಲ್ಲಿ ಉಂಡಳು. ಬೇರೆಯವರ ಮನೆಯ ಅವರೆ ಅವಳ ಗಂಟಲಲ್ಲಿ ಇಳಿಯಲಿಲ್ಲವೇನೋ.

ಡಿಸೆಂಬರ್ ೨೦

ಅವ್ವ ಅಂಗಡಿಯಿಂದ ಎಣ್ಣೆ ತಂದಳು. ನಾನು ಹುಟ್ಟಿದ ಮೇಲೆ ನಮ್ಮ ಮನೆಗೆ ಎಣ್ಣೆ ಕೊಂಡು ತಂದದ್ದನ್ನು ನೋಡಿಲ್ಲ. ಹುಚ್ಚೆಳ್ಳು ಗಾಣಕ್ಕೆ ಹೋಗಿ ಎಣ್ಣೆಯೂ ಹಿಂಡಿಯೂ ಆಗಿ ಬರುತ್ತಿತ್ತು, ಎಣ್ಣೆ ನಮಗೆ, ಹಿಂಡಿ ಎಮ್ಮೆಗೆ. ಎಮ್ಮೆಯ ಹಾಲು ಇಳಿದಿದೆ. ಬೇಳೆಯೂ ಅಂಗಡಿಯದೇ. ಎತ್ತಿನ ಹುರುಳಿ ಮುಗಿದು, ಬೈರಪ್ಪ ಸಂತೆಯಲ್ಲಿ ಒಂದು ಮೂಟೆ ಕೊಂಡು ತಂದ. ಬೆಲೆ ಕೇಳಿ ಎದ್ದು ಕೂತೆ.

ಧೈರ್ಯ ಮಾಡಿ ಲಕ್ಷ್ಮೀದೇವಮ್ಮನನ್ನು ಕೇಳಿದೆ, ವರ್ಷಕ್ಕೆ ಅಕ್ಕಡಿಯಲ್ಲಿ ಏನೇನು ಬರುತ್ತಿತ್ತು ಎಂದು. ಅವಳು ನಕ್ಕುಬಿಟ್ಟಳು. ಗಂಡಸರು ಕೇಳುವ ಮಾತಲ್ಲ ಎಂದಳು. ಆಮೇಲೆ, ಒಲೆಯ ಮುಂದೆ ಕೂತು ಹೇಳುತ್ತಾ ಹೋದಳು. ನಾನು ಬರೆದುಕೊಳ್ಳುತ್ತಾ ಹೋದೆ. ಅರ್ಧಕ್ಕೆ ನಿಲ್ಲಿಸಿ ಅವಳ ಮುಖ ನೋಡಿದೆ. ಮನೆಯ ಸಾರು, ಎಣ್ಣೆ, ಹಬ್ಬದ ಸೀರೆ, ನೆಂಟರ ಮರ್ಯಾದೆ ಎಲ್ಲವೂ ಆ ಸಾಲುಗಳಿಂದಲೇ ನಡೆಯುತ್ತಿತ್ತು. ಪ್ರತಿ ವರ್ಷ ಆಲೂಗಡ್ಡೆ ಬಿತ್ತನೆಗೆ ಕಡಿಮೆ ಬಿದ್ದಾಗ ಅವ್ವ ಸೆರಗಿನ ಗಂಟು ಬಿಚ್ಚಿ ಕೊಡುತ್ತಿದ್ದಳಲ್ಲ, ಅದೂ ಹುಚ್ಚೆಳ್ಳು ಮಾರಿದ ದುಡ್ಡು. ಅದನ್ನು ನಾನು ತಾಯಿಯ ಪ್ರೀತಿ ಎಂದು ತಿಳಿದಿದ್ದೆ. ಪ್ರೀತಿಯೂ ಇತ್ತು, ಸರಿ.

೧೯೪೯, ಜನವರಿ ೩

ಚಿಕ್ಕಬೀರಪ್ಪನ ಕುರಿ ಮಂದೆ ಬೀದಿಯಲ್ಲಿ ಬಂತು. ವರ್ಷವೂ ನಮ್ಮ ಮೇಗಲ ಹೊಲದಲ್ಲಿ ಮಂದೆ ಕೂರಿಸಿ, ನಮ್ಮಿಂದ ರಾಗಿ ಪಡೆದು ಹೋಗುತ್ತಿದ್ದ. ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡ. ಹುರುಳಿ ಕಿತ್ತ ನೆಲದಲ್ಲಿ ಉದುರಿದ ಕಾಯಿ, ಒಣ ಬಳ್ಳಿ, ಅಕ್ಕಡಿಯ ಸೊಪ್ಪು ಇದ್ದರೆ ಕುರಿ ರಾತ್ರಿ ನಿಲ್ಲುತ್ತವೆ, ಬರೀ ರಾಗಿಕೂಳೆ ನೆಕ್ಕಲು ಅವು ನಿಲ್ಲುವುದಿಲ್ಲ ಎಂದ. ರಾಗಿ ಜಾಸ್ತಿ ಕೊಡುತ್ತೇನೆ ಎಂದೆ. ರಾಗಿ ತಿನ್ನುವವನು ತಾನು, ಕುರಿಯಲ್ಲ ಎಂದು ನಕ್ಕು, ಮಂದೆ ಹೊಡೆದುಕೊಂಡು ಅಪ್ಪಯ್ಯಣ್ಣನ ಹೊಲಕ್ಕೆ ಹೋದ.

ಅದೇ ಹೊತ್ತಿಗೆ ತೋಟದಿಂದ ಎರಡನೆಯ ಆಲೂಗಡ್ಡೆ ಬಂತು. ಹಿಂದಿನ ತಿಂಗಳೇ ಗಿಡ ಸೊರಗುತ್ತಿವೆ ಎಂದು ಬೈರಪ್ಪ ಹೇಳಿದ್ದ. ನೆಲ್ಲಿಕಾಯಿ ಗಾತ್ರದ ಗಡ್ಡೆ, ಕತ್ತರಿಸಿದರೆ ಒಳಗೆ ಕಂದು ಉಂಗುರ. ಬಿತ್ತನೆಯ ಖರ್ಚೂ ಹುಟ್ಟುವುದಿಲ್ಲ. ಬಹಳ ಬೇಜಾರಾಯಿತು. ಆದರೆ ಎರಡು ಗಡ್ಡೆ ಕತ್ತರಿಸಿ ಕಿಟಕಿಯಲ್ಲಿಟ್ಟಿದ್ದೇನೆ, ಉಂಗುರ ಏನಾಗುತ್ತದೋ ನೋಡಬೇಕು.

ಜನವರಿ ೮

ಲೆಕ್ಕವನ್ನು ಮೊದಲಿನಿಂದ ಮಾಡಿದೆ. ಸೊನ್ನೆ ಹಾಕಿದ್ದ ಹುರುಳಿಗೆ ಸಂತೆಯ ಬೆಲೆ ಕಟ್ಟಿ ಮೇಗಲ ಹೊಲದ ಲಾಭಕ್ಕೆ ಬರೆದೆ. ಆ ಹುರುಳಿ ತಿಂದ ಎತ್ತು ದುಡಿದದ್ದು ತೋಟದಲ್ಲಿ, ಹಾಗಾಗಿ ತೋಟದ ಖರ್ಚಿಗೂ ಬರೆಯಬೇಕು. ಎತ್ತಿನ ಸಗಣಿ ಹೋದದ್ದು ತೋಟಕ್ಕೆ. ಹಾಗಾದರೆ ಅದು ಹೊಲವು ತೋಟಕ್ಕೆ ಕೊಟ್ಟದ್ದು. ಗೆರೆಗಳು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೋಗಿ ಹಾಳೆ ಸಿಕ್ಕು ಬಿದ್ದ ದಾರದ ಹಾಗಾಯಿತು. ಆಲೂಗಡ್ಡೆಯ ಲಾಭ ಎಂದು ನಾನು ಎದೆ ಉಬ್ಬಿಸಿದ್ದರಲ್ಲಿ ಅದರದ್ದೇ ಎಷ್ಟು ಎಂದು ಬಿಡಿಸುವುದಕ್ಕೇ ಆಗಲಿಲ್ಲ.

ಕೊನೆಗೆ ಬಿಡಿಸುವುದನ್ನೇ ಬಿಟ್ಟೆ. ಹೊಲ, ತೋಟ, ಕೊಟ್ಟಿಗೆ, ಅಟ್ಟ ಎಲ್ಲ ಸೇರಿ ಒಂದೇ ಎಂದಿಟ್ಟುಕೊಂಡೆ. ಊರಾಚೆಯಿಂದ ಮನೆಗೆ ಬಂದದ್ದೆಷ್ಟು, ಮನೆಯಿಂದ ಊರಾಚೆಗೆ ಹೋದದ್ದೆಷ್ಟು, ಉಂಡದ್ದೆಷ್ಟು, ಉಳಿದದ್ದೆಷ್ಟು. ಈ ವರ್ಷ ದೊಡ್ಡ ರಾಶಿ, ಎರಡು ಸಲ ಆಲೂಗಡ್ಡೆ. ಆದರೂ ಉಳಿದದ್ದು ಹೋದ ವರ್ಷದ ಮುಕ್ಕಾಲೂ ಇಲ್ಲ. ಎಲ್ಲೋ ತಪ್ಪಿದೆ ಎಂದು ಮತ್ತೆ ಕೂಡಿದೆ. ತಪ್ಪಿರಲಿಲ್ಲ. ಸೋತದ್ದಕ್ಕೆ ಮುಖ ಸಪ್ಪಗಾಗಬೇಕಿತ್ತು, ನನಗೆ ಹಸಿವಾಯಿತು.

ಎಂಜಿನ್‌ಗೂ ಅನ್ಯಾಯ ಮಾಡಬಾರದೆಂದು ಅದನ್ನೂ ಲೆಕ್ಕಕ್ಕೆ ತಂದೆ. ನೀರು ಹೆಚ್ಚುತ್ತದೆ, ನಿಜ. ಆದರೆ ಎಂಜಿನ್ ಸಗಣಿ ಹಾಕುವುದಿಲ್ಲ.

ಲಕ್ಷ್ಮೀದೇವಮ್ಮ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಎಲ್ಲ ಮುಗಿದ ಮೇಲೆ ಕೇಳಿದಳು.

"ಬೈರಪ್ಪನ ಕೂಲಿ ಬರ್ದಿದ್ದೀರಿ. ನಂದೆಲ್ಲಿ?"

ಈ ವರ್ಷ ತೋಟ, ಮಂಡಿ, ಕುಯ್ಲು ಎಲ್ಲ ಅವಳ ಮೇಲೇ ನಡೆದಿದೆ. ಬರೆಯಲು ಹೋದೆ. ಎಷ್ಟೆಂದು ಬರೆಯುವುದು? ಜಾಗ ಖಾಲಿ ಬಿಟ್ಟಿದ್ದೇನೆ, ಅವಳನ್ನೇ ಕೇಳಿ ತುಂಬಬೇಕು.

ಜನವರಿ ೧೦

ಹೊಲ ಮಾರುವುದಿಲ್ಲ ಎಂದು ಅವ್ವನಿಗೆ ಹೇಳಿದೆ. ರಾಗಿ ಕೇರುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಮೊದಲೇ ಯಾಕೆ ಬೇಡ ಎನ್ನಲಿಲ್ಲ ಎಂದು ಕೇಳಿದೆ.

"ಅಂದಿದ್ರೆ ಅವ್ವಂಗೆ ಹೊಲದ ಮೇಲೆ ಆಸೆ ಅಂತಿದ್ದೆ. ನೀನು ಬರ್ದಿರೋದ್ರ ಮುಂದೆ ನನ್ನ ಮಾತು ನಿಲ್ತಿತ್ತೇನಪ್ಪ."

ನಿಲ್ಲುತ್ತಿರಲಿಲ್ಲ. ಅಪ್ಪಯ್ಯಣ್ಣ ಚಿಕ್ಕಪ್ಪನಿಗೆ ಹೇಗೆ ಹೇಳಲಿ ಎಂದೆ. ಅದು ನಿನ್ನ ಮಾತು, ನಿನ್ನ ವೀಳ್ಯ ಎಂದಳು. ಅಕ್ಕಡಿ ಬೀಜವೂ ಅವನ ಮನೆಯಲ್ಲಿದೆ. ಮುಂದಿನ ಬಿತ್ತನೆಗೆ ಆ ಬೀಜವಿಲ್ಲದೆ ಹೊಲ ಉಳಿಸಿಕೊಂಡರೂ ಅರ್ಧ ಉಳಿಸಿಕೊಂಡ ಹಾಗೆ. ಅದನ್ನಾದರೂ ನೀನು ಕೇಳಿ ತಾ ಎಂದರೆ, ಕೊಟ್ಟದ್ದನ್ನು ಹಿಂದಕ್ಕೆ ಕೇಳಲು ತಾನು ಹೋಗುವುದಿಲ್ಲ ಎಂದುಬಿಟ್ಟಳು.

ಮೂರು ದಿನದಲ್ಲಿ ಪತ್ರ ಬರೆಯಬೇಕು. ವೀಳ್ಯ ಬದಲಾಯಿಸಿ ಮಾತು ತಪ್ಪಿದವರು ನಮ್ಮ ವಂಶದಲ್ಲಿ ಇಲ್ಲ. ಇನ್ನು ಇರುತ್ತಾರೆ.

ಜನವರಿ ೧೩

ಮಧ್ಯಾಹ್ನ ಅಟ್ಟದಿಂದ ಬೀಜದ ಮೊರವನ್ನು ಇಳಿಸಿಕೊಂಡೆ. ಒಂದು ಕೈಯಲ್ಲಿ ಕೋಲು, ಕಂಕುಳಲ್ಲಿ ಮೊರ, ಮೊರದಲ್ಲಿ ವೀಳ್ಯ ಹಿಂದಿರುಗಿಸಲು ಎಲೆ ಅಡಿಕೆ. ಗಂಡಸು ಮೊರ ಹಿಡಿದು ಬೀದಿಯಲ್ಲಿ ಹೋಗುವುದನ್ನು ನಮ್ಮೂರು ನೋಡಿರಲಿಲ್ಲ, ಇವತ್ತು ನೋಡಿತು. ಕುಂಟುತ್ತಾ ಹೋದದ್ದರಿಂದ ನಿಧಾನವಾಗಿ, ಚೆನ್ನಾಗಿ ನೋಡಿತು.

ಅಪ್ಪಯ್ಯಣ್ಣ ಚಿಕ್ಕಪ್ಪ ಜಗಲಿಯ ಮೇಲೆ ಕೂತಿದ್ದ. ಮೊರ ನೋಡಿದ, ನನ್ನ ಮುಖ ನೋಡಿದ.

"ಪತ್ರಕ್ಕೆ ಬಾ ಅಂದಿದ್ದೆ. ಮೊರ ಹಿಡ್ಕೊಂಡು ಬಂದಿದ್ದೀಯ."

"ಬೀಜ ಕೇಳಕ್ಕೆ ಬಂದೆ ಚಿಕ್ಕಪ್ಪ."

ಅಷ್ಟರಲ್ಲಿ ಎಲ್ಲ ಹೇಳಿದಂತಾಯಿತು. ಎಲೆ ಅಡಿಕೆಯನ್ನು ಅವನ ಮುಂದಿಟ್ಟೆ. ಅವನು ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ರಾಗಿಯ ಮೇಲೆ ರಾಗಿ ಹಾಕಿ ಆ ರಾಶಿ ಮಾಡಿದ್ದು, ಮುಂದಿನ ವರ್ಷ ಅಷ್ಟು ಬರುವುದಿಲ್ಲ ಎಂದೂ ಹೇಳಿದೆ. ಅದು ತನಗೆ ಆಗಲೇ ಗೊತ್ತಿತ್ತು, ತಾನೇನು ರಾಶಿ ನೋಡಿ ಹೊಲ ಕೇಳಿದವನಲ್ಲ ಎಂದ. ಆಮೇಲೆ ಎಲೆ ಅಡಿಕೆ ತೆಗೆದುಕೊಂಡು ಪಕ್ಕಕ್ಕಿಟ್ಟು, ನಿಮ್ಮಪ್ಪ ಹೀಗೆ ಮಾಡುತ್ತಿರಲಿಲ್ಲ ಎಂದು ಹೇಳಿ ಒಳಗೆ ಹೋದ. ನನಗೆ ತುಂಬ ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಪಿಳ್ಳಮ್ಮ ಚಿಕ್ಕಮ್ಮ ಬಾಗಿಲಿಗೆ ಬಂದಳು. ಮೊರ ಚಾಚಿದೆ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಅಕ್ಕಡಿ ಬೀಜ ಗಂಡಸ್ರ ಕೈಗೆ ಕೊಡಲ್ಲ ಕಣಪ್ಪ. ಸೊಸೇನ ಕಳ್ಸು."

ಖಾಲಿ ಮೊರ ಹೊತ್ತು ಅದೇ ಬೀದಿಯಲ್ಲಿ ವಾಪಸು ಬಂದೆ. ಲಕ್ಷ್ಮೀದೇವಮ್ಮ ಬಾಗಿಲಲ್ಲೇ ನಿಂತಿದ್ದಳು, ಆಗಲೇ ಕೈಕಾಲು ತೊಳೆದು, ತಲೆ ಬಾಚಿ, ಹೋಗಲು ಸಿದ್ಧವಾಗಿ. ಏನೂ ಕೇಳದೆ ಮೊರ ತೆಗೆದುಕೊಂಡು ಹೋದಳು.

ಜಗಲಿಯಲ್ಲಿ ನನ್ನ ಜಾಗದಲ್ಲಿ ಕೂತೆ. ಹೊತ್ತು ಇಳಿಯುವಾಗ ಬೀದಿಯ ಕೊನೆಯಲ್ಲಿ ಕಾಣಿಸಿಕೊಂಡಳು, ಮೊರ ಎರಡು ಕೈಯಲ್ಲಿ, ಸೆರಗು ಮುಚ್ಚಿ. ಅದರಲ್ಲಿ ಏನಿದೆ, ಅದು ಎಲ್ಲಿಯದು, ಎಲ್ಲಿಗೆ ಹೋಗುತ್ತದೆ, ಮೂರೂ ಈ ಸಲ ನನಗೆ ಮೊದಲೇ ಗೊತ್ತಿತ್ತು. ಎಷ್ಟಿದೆ ಎಂದು ಮಾತ್ರ ಕೇಳಲಿಲ್ಲ. ಎದ್ದು ನಿಂತು ದಾರಿ ಬಿಟ್ಟೆ.